ಕಿಟಕಿ ಕೆಳಗಿನ ಹಳದಿ ಗೆರೆ

"ಬಣ್ಣ ಆಯ್ಕೆ ಮಾಡೋಕೆ ನಂಗೆ ರೆಪ್ಪೆ ಬಡಿಯೋಷ್ಟು ಹೊತ್ತು ಸಾಕು" ಎನ್ನುವ ರೈಲು ತಾತ, ಗೇಣುದ್ದದ ಮಾದರಿ ಬೋಗಿಯ ಕಿಟಕಿ ಕೆಳಗೆ ಎಳೆಯಬೇಕಾದ ಒಂದೇ ಒಂದು ಹಳದಿ ಗೆರೆಗಾಗಿ ಇಷ್ಟು ವರ್ಷದಲ್ಲಿ ಕೆರೆಯಷ್ಟು ಬಣ್ಣ ಕಲಸಿದ್ದಾನೆ. ಒಂದು ಬೆಣ್ಣೆಯಂತಾಯಿತು, ಇನ್ನೊಂದು ನಿಂಬೆಯಂತಾಯಿತು. ನಿಜವಾದ ರೈಲಿನ ಹಳದಿಯೇ ಬೇರೆಯಂತೆ. ಹಾಲಿನವನನ್ನೂ ಮೀಟರ್ ಓದುವವನನ್ನೂ ಕೈಹಿಡಿದು ಕೂರಿಸಿ ಅಭಿಪ್ರಾಯ ಕೇಳಿದ್ದಕ್ಕೆ, ಅವರೀಗ ಬೆಲ್ ಒತ್ತಿ ಓಡಿಹೋಗುತ್ತಾರೆ. ಉಳಿದವಳು ಕೆಳಮನೆಯ ಟೀಚರಮ್ಮ ಒಬ್ಬಳೇ. ಇವತ್ತು ಅವಳೂ, "ಇದೇ ತಾತ, ಅಪ್ಪಟ ರೈಲಿನ ಹಳದಿ! ಇನ್ಮೇಲೆ ನಿಮಗೆ ನನ್ನ ಕಾಟ ಇಲ್ಲ" ಎಂದು ಚಹಾ ಮುಗಿಸಿ ಮೆಟ್ಟಿಲಿಳಿದಳು. ಮರೆತ ಕೊಡೆಗಾಗಿ ತಿರುಗಿ ಬಂದರೆ, ತಾತ ಆ ಗೆರೆಯನ್ನೇ ಬಟ್ಟೆಯಿಂದ ಒರೆಸುತ್ತಿದ್ದ. "ಅಯ್ಯೋ, ಸರಿಯಿತ್ತಲ್ಲ ತಾತ!" "ಹಗಲಿಗೆ ಸರಿಯಿತ್ತು ಕಣಮ್ಮ. ಸಂಜೆ ಮತ್ತೆ ಎಳೀತೀನಿ, ದೀಪದ ಬೆಳಕಲ್ಲಿ ಹೇಗೆ ಕಾಣುತ್ತೋ ನೀನೇ ಬಂದು ಹೇಳು."