ಅಮ್ಮನ ಅಂಗೈಗೆ ಆರಿಸಿದ ಸಾಣೆಕಲ್ಲು

ಶುಕ್ರವಾರ ಬೆಳಿಗ್ಗೆ ಹೊಸಿಲ ಮುಂದಿನ ಕಡಪಾ ಕಲ್ಲಿಗೆ ನೀರು ಚೆಲ್ಲಿದರೆ ಒಂದು ತಣ್ಣನೆಯ ವಾಸನೆ ಏಳುತ್ತದೆ. ಕಲ್ಲು ಒದ್ದೆಯಾದ ವಾಸನೆ, ಅಷ್ಟೆ. ಆದರೂ ರಂಗೋಲಿ ಡಬ್ಬಿ ಹಿಡಿದವಳು ಹಾಗೇ ನಿಂತುಬಿಡುತ್ತೇನೆ. ಬಂಗಾರಪೇಟೆಯ ಈ ಮನೆ ಮರೆತುಹೋಗಿ ಕೋರಮಂಡಲ್‌ನ ಚಿನ್ನದ ಗಣಿ ಕೆಲಸಗಾರರ ಲೈನಿನಲ್ಲಿದ್ದ ನಮ್ಮ ತಗಡಿನ ಮನೆ ಕಣ್ಣ ಮುಂದೆ ಬರುತ್ತದೆ. ಅದರ ಜಗುಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಷೌರದ ಕತ್ತಿ ಮಸೆಯುತ್ತಿದ್ದ ಅಪ್ಪನೂ ಬರುತ್ತಾನೆ. ಎಡ ಅಂಗೈಯಲ್ಲಿ ಸಾಣೆಕಲ್ಲು, ಅದರ ಮೇಲೆ ನಾಲ್ಕು ಹನಿ ನೀರು, ಬಲಗೈಯಲ್ಲಿ ಮಡಚುವ ಕತ್ತಿ. ಹೋಗುವಾಗ ಒಂದು ಸದ್ದು, ಮಗ್ಗುಲು ಬದಲಿಸಿ ಬರುವಾಗ ಇನ್ನೊಂದು. ನಿಮ್ಮ ಬೀದಿಗೂ ಇಂಥವರೊಬ್ಬರು ಕತ್ತಿ, ಕತ್ತರಿಯ ಹಡಪ ಹಿಡಿದು ಬರುತ್ತಿದ್ದರೆ ಆ ಸದ್ದು ನಿಮ್ಮ ಕಿವಿಯಲ್ಲೂ ಉಳಿದಿರುತ್ತದೆ. ಈಗ ಅದು ಎಲ್ಲೂ ಕೇಳುವುದಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕ್ಯಾಸಂಬಳ್ಳಿ ಕಡೆಯಿಂದ ಬರುವ ಇಳಿಜಾರಿನಲ್ಲಿ ಅಪ್ಪ ಸೈಕಲ್ಲಿನಿಂದ ಬಿದ್ದು ಎಡಗೈ ಮುರಿದುಕೊಂಡ. ಬಲಗೈ ಉಳಿಯಿತಲ್ಲ ಎಂದು ಅಮ್ಮ ಮುನೇಶ್ವರನಿಗೆ ಕಾಯಿ ಒಡೆದಳು. ಕೈ ಕೂಡಿಕೊಂಡಿತು, ಆದರೆ ಎರಡು ಬೆರಳು ಮಡಚಲಿಲ್ಲ. ಅಪ್ಪನ ಹಳೆಯ ಕಲ್ಲು ಇಟ್ಟಿಗೆಯ ಹಾಗೆ ಅಗಲ, ಅಂಗೈಯಿಂದ ಜಾರತೊಡಗಿತು. ಮಣೆಯ ಮೇಲಿಟ್ಟು ಮಸೆದರೆ ಕತ್ತಿ ಎಷ್ಟು ಒತ್ತುತ್ತಿದೆ ಎಂದು ಅಪ್ಪನಿಗೆ ತಿಳಿಯುತ್ತಲೇ ಇರಲಿಲ್ಲ. ಪಾಳಿ ಮುಗಿಸಿ ಬಂದು ಮುಖ ಒಡ್ಡಿದ ಗಣಿಯವರೊಬ್ಬರು, "ಏನಣ್ಣಾ, ಗಡ್ಡ ತೆಗೀತೀಯೋ, ಕಳೆ ಕೀಳ್ತೀಯೋ?" ಎಂದು ನಗಾಡಿದ್ದರು. ಅಪ್ಪನೂ ನಕ್ಕ. ರಾತ್ರಿ ಮುದ್ದೆ ಮಾತ್ರ ತಟ್ಟೆಯಲ್ಲೇ ಉಳಿಯಿತು. ಹೀಗೇ ಹೋದರೆ ತಲೆಮಾರಿನಿಂದ ಕ್ಷೌರಕ್ಕೆ ಹೋಗುತ್ತಿದ್ದ ಮನೆಗಳನ್ನೆಲ್ಲ ಅಂಗಡಿಯಿಟ್ಟ ದಾಯಾದಿಗೆ ಬಿಟ್ಟುಕೊಟ್ಟು, ಅವನ ಅಂಗಡಿಯಲ್ಲಿ ಕೂದಲು ಗುಡಿಸಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಕೈಗೆ ಹೊಂದುವ ಬೇರೆ ಆಕಾರದ ಕಲ್ಲು ಸಿಕ್ಕೀತೆಂದು ಪುಟ್ಟ ತಮ್ಮನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂಗಾರಪೇಟೆಯ ಸಂತೆಗೆ ಹೊರಟೆವು, ಅಪ್ಪ, ಅಮ್ಮ, ನಾನು. ಸ್ಟೇಷನ್ನಿನ ಹತ್ತಿರ ಒಬ್ಬ ಮುದುಕಿ ಗೋಣಿತಾಟು ಹಾಸಿ ಸಾಣೆಕಲ್ಲು ಹರವಿಕೊಂಡಿದ್ದಳು. ಯಂತ್ರದಲ್ಲಿ ಕೊಯ್ದವಲ್ಲ, ಬಂಡೆ ಬಿರಿದು ಬಿಟ್ಟುಕೊಟ್ಟ ಆಕಾರದವು. ಒಂದು ರೊಟ್ಟಿಯ ಹಾಗೆ, ಒಂದು ಬಾಲ ಕಿರಿದಾದ ಮೀನಿನ ಹಾಗೆ, ಒಂದು ಸವೆದ ಸೋಪಿನ ಹಾಗೆ. ಅಪ್ಪ ಒಂದೊಂದನ್ನೇ ಎಡಗೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಬರಿಗೈಯನ್ನು ಕತ್ತಿಯ ಹಾಗೆ ಆಡಿಸಿ ನೋಡಿದ. ಎಲ್ಲವೂ ಜಾರಿದವು. "ಎಲ್ಲಾನೂ ಮುಟ್ಟಿ ಮುಟ್ಟಿ ಬುಡ್ತೀಯಲ್ಲಣ್ಣಾ, ಎಣ್ಣು ನೋಡಾಕ್ ಬಂದಿದ್ದೀಯಾ?" ಎಂದಳು ಮುದುಕಿ. ಅಪ್ಪ ಎದ್ದು ಪಂಚೆ ಕೊಡವಿದ.

ಅಮ್ಮ ಏಳಲಿಲ್ಲ. ಚಪ್ಪಟೆಯಾದ ಒಂದು ಚೆಂದದ ಕಲ್ಲು ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡು, ಅದನ್ನೇ ನೋಡುತ್ತಾ ಕೇಳಿದಳು: "ನಾನ್ ಮಸ್ದು ಕೊಟ್ರೆ ಆಗಲ್ವಾ?"

ನಮ್ಮಲ್ಲಿ ಹೆಂಗಸರು ಹಡಪ ಮುಟ್ಟುವ ವಾಡಿಕೆ ಇರಲಿಲ್ಲ. ಆಯುಧಪೂಜೆಯ ದಿನವೂ ಅಮ್ಮ ದೂರದಿಂದಲೇ ಕುಂಕುಮ ಎರಚುತ್ತಿದ್ದಳು. ಅಪ್ಪ ಮತ್ತೆ ಕುಕ್ಕರಿಸಿ, ಅವಳ ಕೈಯಿಂದ ಆ ಕಲ್ಲು ತೆಗೆದು ಕೆಳಗಿಟ್ಟ.

"ಇದು ತೆಳು ಆಯ್ತು. ಬೆರಳ್ ತುದಿ ಕಲ್ಲಿಂದ್ ಮ್ಯಾಕ್ ಬತ್ತದೆ, ಕತ್ತಿ ಮೊದ್ಲು ಅದ್ನೇ ಕುಯ್ಯೋದು. ಕೈ ತತ್ತಾ ಇಲ್ಲಿ."

ಸಂತೆಯ ನಡುವೆ, ನಾಲ್ಕು ಜನರ ಎದುರು, ಅಪ್ಪ ಅಮ್ಮನ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳ ಬೆರಳುಗಳನ್ನು ಒಂದೊಂದು ಕಲ್ಲಿನ ಸುತ್ತ ಮಡಚಿದ, ಬಿಡಿಸಿದ. ಕೊನೆಗೆ ಒಪ್ಪಿದ್ದು ಯಾರೂ ತಿರುಗಿ ನೋಡದಂಥ ಕಲ್ಲು: ತುಸು ದಪ್ಪ, ಒಂದು ತುದಿ ಕಿರಿದು, ಅಂಚು ತಾನಾಗಿ ಉರುಟು. ಅಗಲ ಕಡಿಮೆ, ಕತ್ತಿಯನ್ನು ಓರೆಯಾಗಿ ಎಳೆದರೆ ಸರಿಹೋಗುತ್ತದೆ ಎಂದ. ಮೇಲ್ಮೈ ಮಟ್ಟಸವಾಗಿದೆಯೇ ಎಂದು ನೀರು ಸುರಿದು ನೋಡಿದ. ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ರೈಲು ಹತ್ತಿದಳು.

ಮೊದಮೊದಲು ಅಮ್ಮ ಮಸೆದ ಕತ್ತಿ ಅಪ್ಪನ ಮುಂಗೈ ರೋಮವನ್ನೂ ಕತ್ತರಿಸದೆ, ಮತ್ತೆ ಮಸೆಯಲು ಅವಳ ಕೈಗೇ ವಾಪಸು ಬರುತ್ತಿತ್ತು. ಹಬ್ಬದ ಹೊತ್ತಿಗೆ ಬರುವುದು ನಿಂತಿತು. ಅಪ್ಪನ ಮನೆಗಳು ಅಪ್ಪನಿಗೇ ಉಳಿದವು. ನನ್ನ ಸ್ಕೂಲು ತಪ್ಪಲಿಲ್ಲ, ದೇವರ ದೀಪಕ್ಕೆ ಎಣ್ಣೆ ತಪ್ಪಲಿಲ್ಲ. ದೇವರ ಅಷ್ಟು ದಯೆ ಇವತ್ತಿಗೂ ನನಗೆ ದೊಡ್ಡದು. ಗಣಿ ಮುಚ್ಚಿ ಲೈನು ಖಾಲಿಯಾಗುತ್ತಾ ಬಂದ ಮೇಲೂ ಉಳಿದ ಕೆಲವರ ಮುಖಕ್ಕಾಗಿ ಅಮ್ಮ ದಿನವೂ ಮಸೆದಳು.

ಅಮ್ಮನೇ ಮೊದಲು ಹೋದಳು. ಕಾರ್ಯಗಳೆಲ್ಲ ಮುಗಿದ ಮೇಲೆ ಅಪ್ಪ ಆ ಕಲ್ಲನ್ನು ತನ್ನ ಕೈಯಲ್ಲಿಟ್ಟುಕೊಂಡು ನೋಡಿದ, ಅದು ನಿಲ್ಲಲಿಲ್ಲ. ನನ್ನ ತಮ್ಮ, ಸಂತೆಗೆ ಹೋಗಿ ಬೇರೆ ತರೋಣ, ತಾನು ಮಸೆದುಕೊಡುತ್ತೇನೆ ಎಂದ. ಅಪ್ಪ ಅವನ ಅಂಗೈ ಎಳೆದು, ತಿರುಗಿಸಿ ನೋಡಿ, ಮೆಲ್ಲಗೆ ಬಿಟ್ಟ.

"ಈ ವಯಸ್ನಾಗೆ ಇನ್ನೊಂದ್ ಕೈಗೆ ಅಳ್ತೆ ನೋಡಾಕಾಗಲ್ಲ, ಬುಡಪ್ಪಾ."

ಬ್ಲೇಡು ಸಿಕ್ಕಿಸುವ ಹೊಸ ಕತ್ತಿ ತಂದುಕೊಟ್ಟರೂ ಮುಟ್ಟಲಿಲ್ಲ. ಲೈನಿನ ಅಷ್ಟೂ ಗಂಡಸರ ಮುಖ ನುಣ್ಣಗೆ ಮಾಡಿದವನ ಗಡ್ಡ ಬೆಳ್ಳಗೆ ಎದೆಯ ತನಕ ಇಳಿಯಿತು. ಏನಾದರೂ ಹರಕೆಯೇ ಎಂದು ದಾರಿಯಲ್ಲಿ ಕೇಳಿದವರಿಗೆ ಹೌದೆಂದು ತಲೆಯಾಡಿಸುತ್ತಿದ್ದ. ಯಾವ ದೇವರಿಗೆ ಎಂದು ಮಾತ್ರ ಹೇಳುತ್ತಿರಲಿಲ್ಲ.