ಕರಿಬೇವಿನ ಗಿಡಕ್ಕೆ ಕಾವಲು

ನಮ್ಮವರು ನಿವೃತ್ತರಾಗಿ ಮನೆ ಸೇರಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಒಂದು ಹುಳಕ್ಕೆ ಕಾವಲು ಕೂತದ್ದು. ನೌಕರಿಯುದ್ದಕ್ಕೂ ಅವರು ನಾರಾಯಣಪುರದಲ್ಲಿ ಡ್ಯಾಮಿನ ಗೇಟು ಕಾದವರು. ನಾನು ಶಹಾಪುರದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇದ್ದವಳು. ಮೂರು ಹೆರಿಗೆಯಾದವು, ಮೂರಕ್ಕೂ ಅವರಿಲ್ಲ. ‘ಹೊಳಿಗಿ ನೀರು ಬಂದೈತಿ, ರಜಾ ಕೊಡವಲ್ರು’ ಎಂಬ ಸುದ್ದಿ ಮಾತ್ರ ಬರುತ್ತಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ, ಇಲ್ಲವೆಂದು ಹೇಳಲಾರೆ.

ಹುಳ ಇದ್ದದ್ದು ಅಂಗಳದ ಕರಿಬೇವಿನ ಗಿಡದಲ್ಲಿ. ಹಸಿರು ಮೈ. ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ಕೆಟ್ಟ ವಾಸನೆ ಬಿಡುತ್ತಿತ್ತು. ಕೋಲಿನಿಂದ ತೆಗೆದೊಗೆಯಲು ಹೋದರೆ ಇವರು ಅಡ್ಡ ಬಂದರು.

“ಏ, ಬಿಡದನ್ನ. ಪಾತರಗಿತ್ತಿ ಆಗ್ತೈತಿ. ಜನ್ಮದಾಗ ಒಂದಾದ್ರೂ ಹುಟ್ಟೋದು ನೋಡಬೇಕು ನಾ.”

ಜನ್ಮದಲ್ಲಿ ಒಂದಾದರೂ! ಮೂರು ಹೆತ್ತವಳ ಎದುರಿಗೆ ಆಡುವ ಮಾತೇ ಇದು? ಮೈಯೆಲ್ಲ ಉರಿಯಿತು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಇವರು ಕುರ್ಚಿ ತಂದು ಗಿಡದ ಬುಡಕ್ಕೆ ಹಾಕಿದರು. ಚಹಾ ಅಲ್ಲಿಗೇ, ನಾಷ್ಟಾ ಅಲ್ಲಿಗೇ. ಹುಳ ಎಲೆ ಮೇಯುತ್ತಿತ್ತು, ಇವರು ಉಪ್ಪಿಟ್ಟು. ಒಂದು ದಿನ ಅದು ಮೇಯುವುದು ಬಿಟ್ಟು, ಟೊಂಗೆಗೆ ಎಳೆ ಬಿಗಿದುಕೊಂಡು ಹಸಿರು ಗೂಡಾಗಿ ಕುಳಿತಿತು. ಅಂದಿನಿಂದ ಅಂಗಳದಲ್ಲಿ ಪಿಸುಮಾತು. ನಾನು ಪಾತ್ರೆ ಸಪ್ಪಳ ಮಾಡಿದರೆ ಕಣ್ಣು ಬಿಡುತ್ತಿದ್ದರು. ನನ್ನ ಮಕ್ಕಳು ತೊಟ್ಟಿಲಲ್ಲಿ ಮಲಗಿದ್ದಾಗ ಯಾರೂ ಇಷ್ಟು ಮೆಲ್ಲಗೆ ಮಾತನಾಡಿರಲಿಲ್ಲ.

ನಮ್ಮ ಓಣಿಯಲ್ಲಿ ಕರಿಬೇವನ್ನು ಯಾರೂ ಕೇಳಿ ಒಯ್ಯುವುದಿಲ್ಲ. ಗಿಡ ನಮ್ಮ ಅಂಗಳದ್ದು, ಎಲೆ ಓಣಿಯದು. ಬಾಗಿಲು ತಳ್ಳಿ ಟೊಂಗೆ ಮುರಿದುಕೊಂಡು ಹೋಗುವುದೇ ರೂಢಿ. ಓಣಿಗೆಲ್ಲ ಚಾಚಿಯಾದ ಪಕ್ಕದ ಮನೆಯವಳು ಹಾಗೆಯೇ ಬಂದಳು, ಇವರು ಸ್ನಾನಕ್ಕೆ ಹೋಗಿದ್ದ ಹೊತ್ತು. ಗೂಡೂ ಹಸಿರು, ಎಲೆಯೂ ಹಸಿರು. ಅದಿದ್ದ ಟೊಂಗೆಯನ್ನೇ ಮುರಿದುಕೊಂಡು ಹೋದಳು. ಇವರು ಹೊರಬಂದು ನೋಡಿದವರೇ ಒದ್ದೆ ಮೈಗೆ ಟವೆಲ್ ಸುತ್ತಿಕೊಂಡು ಓಡಿದರು. ಚಾಚಿ ಎಣ್ಣೆ ಕಾಯಲಿಟ್ಟು ಎಲೆ ಬಿಡಿಸುತ್ತ ಕುಳಿತಿದ್ದಳಂತೆ.

“ಯಾ ಅಲ್ಲಾ, ಒಗ್ಗರಣಿಗಿ ಬೀಳ್ತಿತ್ತಲ್ರಿ ಭಾಯಿ!” ಎಂದು ಅವಳು ಕಿರುಚಿದ್ದು ನಮ್ಮ ಅಡುಗೆಮನೆಗೂ ಕೇಳಿತು. ಇವರು ಟೊಂಗೆ ತಂದು ಹೊಲಿಗೆ ದಾರದಿಂದ ಗಿಡಕ್ಕೆ ಕಟ್ಟಿದರು, ಅಂಗಳದ ಬಾಗಿಲಿಗೆ ಕೀಲಿ ಹಾಕಿದರು. ಓಣಿಯವರೆಲ್ಲ ಮುನಿಸಿಕೊಂಡರು. ಅದೂ ನನ್ನ ಮೇಲೆ, ಇವರ ಮೇಲಲ್ಲ.

ನನಗೂ ಒಂದೆಲೆ ಮುಟ್ಟಗೊಡಲಿಲ್ಲ. ಕಡೆಗೊಂದು ಮುಂಜಾನೆ ಸಾರಿನ ಪಾತ್ರೆ ಕೆಳಗಿಟ್ಟುಬಿಟ್ಟೆ.

“ಅಂಗಳದಾಗ ಗಿಡ ಇಟಗೊಂಡು ಕರಿಬೇವಿಲ್ದ ಸಾರು ನಾ ಮಾಡಂಗಿಲ್ಲ. ಬಜಾರಕ್ಕ ಹೋಗಿ ತರ್ರಿ.”

ಗೊಣಗುತ್ತ ಹೋದರು. ಓಣಿ ದಾಟಿದ್ದರೋ ಇಲ್ಲವೋ, ಗೂಡು ಬಿರಿಯಿತು. ಫೋನು ಮಾಡೋಣವೆಂದರೆ ಮೊಬೈಲು ಕುರ್ಚಿಯ ಮೇಲೆಯೇ ಇತ್ತು. ಒದ್ದೆಯಾಗಿ ಮುದುಡಿದ ಕರಿ ಮುದ್ದೆಯೊಂದು ತಿಣುಕುತ್ತ ಹೊರಬಂತು. ಹೊಟ್ಟೆ ದಪ್ಪ, ಕಾಲು ನಡುಗುತ್ತಿದ್ದವು. ಖಾಲಿ ಗೂಡಿಗೇ ಜೋತುಬಿದ್ದು ಸಾವಕಾಶ ರೆಕ್ಕೆ ಬಿಡಿಸಿತು. ಮನೆ ತುಂಬ ಕೆಲಸವಿತ್ತು, ನಾನು ಅಲ್ಲಿಂದ ಕದಲಲಿಲ್ಲ. ಹಾಳು ಹುಳ, ಅಳು ತರಿಸಿತು.

ಬಜಾರಿನಲ್ಲಿ ಯಾರೋ ಸಿಕ್ಕರಂತೆ. ಚಹಾ ಕುಡಿದು, ಹರಟೆ ಹೊಡೆದು, ಬಿಸಿಲೇರಿದ ಮೇಲೆ ಬಂದರು. ಅಷ್ಟರಲ್ಲಿ ಚಿಟ್ಟೆ ಗೋಡೆ ದಾಟಿ ಹಾರಿಹೋಗಿತ್ತು. ಕೈಯಲ್ಲಿ ಕರಿಬೇವಿನ ಕಟ್ಟು ಹಿಡಿದು ಖಾಲಿ ಗೂಡನ್ನೇ ನೋಡುತ್ತ ನಿಂತರು. ಮುಖ ಸಣ್ಣದಾಗಿತ್ತು.

“ಹೆಂಗ ಬಂತು? ಭಾಳ ತ್ರಾಸ ಆತೇನು ಅದಕ್ಕ? ಎಲ್ಲಾ ಹೇಳು.”

ಈ ಮಾತನ್ನು ನನಗೆ ಅವರು ಒಮ್ಮೆಯೂ ಕೇಳಿದವರಲ್ಲ. ಕುರ್ಚಿಯನ್ನು ಅವರ ಕಡೆ ಸರಿಸಿದೆ.

“ಹೇಳ್ತೀನಿ, ಕುಂದರ್ರಿ. ಮೊದಲ ದೊಡ್ಡ ಮಗಳು ಹುಟ್ಟಿದ್ದು ಹೇಳ್ತೀನಿ.”