ಕೊಲ್ಲದವರ ಎಣಿಕೆ

ಆ ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಇತ್ತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಮಂಜಿದ್ದರೆ ಬೇಲಿಯ ಹತ್ತಿರ ನಿಂತಿದ್ದ ನನ್ನ ಗಂಡನ ಬೆನ್ನು ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆ ಬೆನ್ನನ್ನು ಕಂಡದ್ದಂತೂ ನಿಜ. ಆದ್ದರಿಂದ ಮಂಜು ಇರಲಿಲ್ಲ. ನೆನಪು ತನಗೆ ಒಪ್ಪುವ ಹವೆಯನ್ನು ಎಲ್ಲಿಂದಲೋ ತಂದುಕೊಳ್ಳುತ್ತದೆ.

ಸ್ಯಾನ್ ರಮೋನಿನ ನಮ್ಮ ಮನೆಯಿಂದ ಪೂರ್ವಕ್ಕೆ ಹೋದರೆ ಮನೆಗಳ ಸಾಲು ಒಮ್ಮೆಲೇ ಮುಗಿದು ದನ ಮೇಯುವ ಗುಡ್ಡಗಳು ಶುರುವಾಗುತ್ತವೆ. ಅವುಗಳಲ್ಲಿ ಒಂದು ಗುಡ್ಡ ಒಬ್ಬ ಮುದುಕಿಯದು. ಅಲ್ಲಿ ಕ್ವೇಲ್ ಹಕ್ಕಿಗಳಿವೆ. ನಮ್ಮ ಲಾವಕ್ಕಿಯ ಬಳಗ. ನೆತ್ತಿಯ ಮೇಲೆ ಮುಂದಕ್ಕೆ ಬಾಗಿದ ಕಪ್ಪು ಜುಟ್ಟು, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬೇಸಿಗೆ ಕಳೆದು ಬೇಟೆಯ ಸೀಸನ್ನು ತೆರೆದಾಗ ಆ ಅಜ್ಜಿ ಪರಿಚಯದ ನಾಲ್ಕಾರು ಬೇಟೆಗಾರರಿಗೆ ತನ್ನ ಗೇಟು ತೆಗೆಯುತ್ತಾಳೆ. ತೆಗೆಯಬೇಕೋ ಬೇಡವೋ ಎಂಬುದು ವಸಂತದ ಎಣಿಕೆಯ ಮೇಲೆ ನಿಂತಿರುತ್ತದೆ. ಬೆಳಗಿನ ಹೊತ್ತು ಗಂಡುಹಕ್ಕಿಗಳು ಕೂಗುತ್ತವೆ. ಮೂರು ತುಂಡಿನ ಕೂಗು, ನಡುವಿನ ತುಂಡು ಮೇಲಕ್ಕೆ ಏರುತ್ತದೆ. ಎಷ್ಟು ಗಂಡು ಕೂಗಿದವು ಎಂದು ಯಾರಾದರೂ ನಿಂತು ಕೇಳಿ ಎಣಿಸಬೇಕು.

ಹಾಗೆ ಎಣಿಸುತ್ತಿದ್ದವರು ನನ್ನ ಗಂಡ. ಧಾರವಾಡದವರು. ಅಳತೆಯ ಉಪಕರಣಗಳನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಭಾನುವಾರ ಆ ಬೇಲಿಯ ಪಕ್ಕದ ಹಾದಿಯಲ್ಲಿ ನಡೆಯುತ್ತಿದ್ದಾಗ ಅಜ್ಜಿಯ ಪರಿಚಯವಾಗಿತ್ತು. ಇವರು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ದಿನವೇ ಆಕೆ ಕೇಳಿದ್ದಳಂತೆ: ಹಕ್ಕಿ ಹೆಚ್ಚಾದರೂ ನಿನಗೆ ಊಟವಿಲ್ಲ, ಕಡಿಮೆಯಾದರೂ ಉಪವಾಸವಿಲ್ಲ, ನೀನೇ ಎಣಿಸಿಕೊಡುತ್ತೀಯಾ? ಬೇಟೆಗಾರರೂ ಒಪ್ಪಿದರು. ಕೊಲ್ಲದವನ ಎಣಿಕೆಯನ್ನು ಎಲ್ಲರೂ ನಂಬಿದರು.

ಎರಡು ವಸಂತ ಎಣಿಕೆ ಇಳಿಯಿತು. ಅಜ್ಜಿ ಗೇಟು ಮುಚ್ಚಿದಳು. ಮೂರನೆಯ ವಸಂತದಲ್ಲಿ ಅವನು ಬಂದ.

ಅವನು ಹುಬ್ಬಳ್ಳಿಯವನು, ನನ್ನ ಗಂಡನ ಹಳೆಯ ಆಫೀಸಿನಲ್ಲಿ ಕಿರಿಯ ಸಹೋದ್ಯೋಗಿಯಾಗಿದ್ದವನು. ಸ್ಯಾನ್ ಮಟಿಯೋದಲ್ಲಿ ಇರುತ್ತಾನೆ, ಬೇಟೆನಾಯಿ ಸಾಕಿದ್ದಾನೆ. ಆ ಗುಡ್ಡದಲ್ಲಿ ಬೇಟೆಯಾಡಲು ಅವನಿಗೆ ಅಜ್ಜಿಯ ಪರಿಚಯ ಮಾಡಿಸಿದ್ದವರೇ ಇವರು. ನಮ್ಮ ಮನೆಯಲ್ಲಿ ಮಂಡಕ್ಕಿ ಗಿರ್ಮಿಟ್ಟಿನ ತಟ್ಟೆ ಹಿಡಿದು ಕೂತಿದ್ದ.

"ವೈನಿ, ಉಳ್ಳಾಗಡ್ಡಿ ಇನ್ನೊಂದೀಟು ಹಾಕ್ರಿ. ಮೈಸೂರಿನವರು ಗಿರ್ಮಿಟ್ ಮಾಡಿದ್ರ ಹಿಂಗ, ಸಪ್ಪಗ."

"ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ತಟ್ಟೆ ಕೊಡು," ಎಂದೆ.

ಅವನು ನಕ್ಕು ಇವರ ಕಡೆ ತಿರುಗಿದ. "ಸರ, ಒಂದ ಮಾತ ಕೇಳ್ಲಿ? ಸಿಟ್ಟಾಗಬಾರದು."

"ಸಿಟ್ಟಾಗೂ ಮಾತಿದ್ರ ಕೇಳಬ್ಯಾಡ."

"ಎರಡು ವರ್ಷ ಮಳಿ ಚಲೋ ಆಗೇದ. ಹುಲ್ಲು ಮೊಣಕಾಲ ಮಟ ಬಂದದ. ಆಜೂಬಾಜೂ ಗುಡ್ಡದಾಗೆಲ್ಲಾ ಹಕ್ಕಿ ಹೆಚ್ಚಾಗ್ಯಾವ ಅಂತ ನಮ್ಮ ಮಂದಿ ಹೇಳ್ತಾರ. ನಿಮ್ಮ ಗುಡ್ಡದಾಗ ಅಷ್ಟ ಹೆಂಗ ಕಡಿಮಿ ಆದ್ವು?"

"ನಾ ಕೇಳಿದಷ್ಟು ಬರದೇನಿ."

"ಅಲ್ರೀ ಸರ, ಬ್ಯಾಳಿ-ಪಲ್ಯಾ ತಿನ್ನೋರ ಕೈಯಾಗ ಎಣಿಕಿ ಕೊಟ್ರ ಹಕ್ಕಿ ಬದುಕ್ತಾವ ಬಿಡ್ರಿ. ಪುಣ್ಯಾ ನಿಮಗ. ನಾಯಿ ಬೆನ್ನ ತುರಿಸ್ಕೋಂತ ಮನ್ಯಾಗ ಕೂಡೂದು ನನಗ."

"ಅಂದ್ರ ನಾ ಸುಳ್ಳ ಬರೀತೀನಿ?"

"ಹಂಗ ಎಲ್ಲಿ ಅಂದೆ? ಕರುಣಾ ಅಂದೆ."

ಅವನು ನಗುತ್ತಲೇ ಇದ್ದ. ಇವರು ನಗಲಿಲ್ಲ. ಅವನ ಕಾರು ಹೋದ ಮೇಲೆ ಬಾಗಿಲಲ್ಲೇ ನಿಂತು ಹೇಳಿದರು: "ನಾಳೆ ನೀನೂ ಬಾ."

"ನನಗ್ಯಾಕ್ರೀ ಆ ಹಕ್ಕಿ ಸಹವಾಸ?"

"ನಾ ಎಣಸೂದನ್ನ ಒಬ್ಬರರ ನೋಡಿರಬೇಕು."

ಕಾರಿನಲ್ಲೇ ನಿಯಮ ಹೇಳಿದರು. ಗುಡ್ಡದ ಮಣ್ಣುರಸ್ತೆಯಲ್ಲಿ ನಿಲ್ಲುವ ಜಾಗಗಳು ಮೊದಲೇ ನಿಗದಿಯಾಗಿವೆ. ಒಂದೊಂದರಲ್ಲೂ ವಾಚಿಗೆ ಅಲಾರಂ ಕೊಟ್ಟು ಅಲುಗಾಡದೆ ನಿಲ್ಲಬೇಕು. ಅಲಾರಂ ಹೊಡೆದರೆ ಮುಗಿಯಿತು, ಆಮೇಲಿನ ಕೂಗು ಲೆಕ್ಕಕ್ಕಿಲ್ಲ. ಜೊತೆಗೆ ಬಂದವರು ಮಾತಾಡಬಾರದು, ಬೆರಳು ತೋರಿಸಬಾರದು. ಹಿಂದಿನ ವರ್ಷಗಳ ಎರಡು ಕಿವಿಗೆ ಈ ವರ್ಷದ ನಾಲ್ಕು ಕಿವಿ ಹೋಲಿಸಿದರೆ ಎಲ್ಲ ಕೆಡುತ್ತದೆ.

"ನಾ ಉಸಿರಾದ್ರೂ ಆಡಬಹುದಾ?"

"ಮೆಲ್ಲಕ ಆಡು."

ಮೊದಲ ಜಾಗದಲ್ಲಿ ಹಸುಗಳಿದ್ದವು. ಕೆಳಗಿನ ಪೊದೆಯಿಂದ ಒಂದು ಕೂಗು ಬಂತು. ಇವರ ಪೆನ್ಸಿಲ್ ಆಡಿತು. ಎದುರಿನ ಇಳಿಜಾರಿನಿಂದ ಇನ್ನೊಂದು ಬಂತು, ದೂರದ್ದು, ಆದರೆ ಚೊಕ್ಕವಾದದ್ದು. ಪೆನ್ಸಿಲ್ ಆಡಲಿಲ್ಲ. ಅದೇ ಹಕ್ಕಿ ಮತ್ತೆ ಕೂಗಿತು. ಇವರು ಗುಡ್ಡವನ್ನು ನೋಡುತ್ತಾ ನಿಂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ.

ಹುಬ್ಬಳ್ಳಿಯವನು ಹೇಳಿದ್ದು ನಿಜ. ಈ ಮನುಷ್ಯ ಎಣಿಕೆಯಲ್ಲಿ ಕದಿಯುತ್ತಿದ್ದಾರೆ. ತೂಕದ ತಕ್ಕಡಿ ಕೂದಲೆಳೆಯಷ್ಟು ತಪ್ಪಿದರೂ ನಿದ್ದೆ ಬಾರದವರು, ನನ್ನ ಎದುರಿಗೇ, ನನ್ನನ್ನು ಸಾಕ್ಷಿಯಾಗಿ ಕರೆತಂದು, ಇಷ್ಟು ಶಾಂತವಾಗಿ. ಎರಡನೆಯ ಜಾಗದಲ್ಲೂ ಹಾಗೆಯೇ ಆಯಿತು. ಹತ್ತಿರದ ಕೂಗನ್ನು ಬರೆದರು, ದೂರದ್ದನ್ನು ಬಿಟ್ಟರು. ಕಾರಿನಲ್ಲಿ ಅವರ ಪಕ್ಕ ಕೂತು ಯಾರ ಪಕ್ಕ ಕೂತಿದ್ದೇನೆ ಎಂದು ಯೋಚಿಸಿದೆ. ಅವರು ಒಮ್ಮೆ ನನ್ನತ್ತ ನೋಡಿ ಹುಬ್ಬು ಹಾರಿಸಿದರು: ನೋಡಿದಿಯಲ್ಲ, ಎಲ್ಲ ಸರಿಯಾಗಿದೆಯಲ್ಲ?

ಮೂರನೆಯ ಜಾಗವೋ ನಾಲ್ಕನೆಯದೋ, ಅದು ಸರಿಯಾಗಿ ನೆನಪಿಲ್ಲ. ಅಲ್ಲಿಯವರೆಗೆ ಅಲಾರಂ ಹೊಡೆಯುವ ಹೊತ್ತಿಗೆ ಅವರ ಕಣ್ಣು ವಾಚಿನ ಮೇಲೇ ಇರುತ್ತಿತ್ತು. ಅಲ್ಲಿ ವಾಚು ಬಡಿದುಕೊಂಡಿತು. ಸಣ್ಣ, ಚೂಪಾದ ದನಿ. ಅವರ ಮಣಿಕಟ್ಟಿನ ಮೇಲೆಯೇ. ಅವರು ಅಲುಗಲಿಲ್ಲ. ವಾಚು ಬಡಿದು ಬಡಿದು ಸುಮ್ಮನಾಯಿತು. ಅವರು ಇನ್ನೂ ಕೇಳುತ್ತಾ ನಿಂತೇ ಇದ್ದರು. ಆಮೇಲೆ ಕೈ ಎತ್ತಿ ನೋಡಿ, ಸಮಯ ಮೀರಿದ್ದು ಕಂಡು, ಯೋಚನೆಯಲ್ಲಿ ಮುಳುಗಿದ್ದವರಂತೆ ತಲೆ ಕೊಡವಿ ಕಾರಿನ ಕಡೆ ನಡೆದರು.

ಆಗ ಹಳೆಯವು ಒಂದರ ಹಿಂದೆ ಒಂದು ನೆನಪಿಗೆ ಬಂದವು. 680 ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ದಾಟಿದರೂ ಟಿಕ್‌ಟಿಕ್ ಎನ್ನುತ್ತಲೇ ಇದ್ದ ಇಂಡಿಕೇಟರ್. ಕುಕ್ಕರ್ ಇನ್ನೂ ಎರಡೇ ಸಲ ಕೂಗಿದ್ದು ಎಂದು ಹಟ ಹಿಡಿದು ಬೇಳೆ ಸೀಯಿಸಿದ್ದು. ನಾನು ಬಾಯೊಳಗೇ ಮಾತಾಡುತ್ತೇನೆಂಬ ಅವರ ದೂರು. ಇವೆಲ್ಲ ಆ ಕ್ಷಣದಲ್ಲೇ ನೆನಪಾದವೋ, ಆಮೇಲೆ ನಾನು ತಂದು ಜೋಡಿಸಿದೆನೋ ಹೇಳಲಾರೆ. ಗೊತ್ತಾದದ್ದು ಮಾತ್ರ ಆಗಲೇ. ಹಕ್ಕಿಗಳು ಕಡಿಮೆಯಾಗಿರಲಿಲ್ಲ.

ಕದಿಯುತ್ತಿಲ್ಲ ಎಂದು ಮೊದಲು ಎದೆ ಹಗುರಾಯಿತು. ಮರುಗಳಿಗೆಯೇ ಮುಂದಿನದು ಕಂಡಿತು. ಹೇಳಿದರೆ ಅವರು ಎಲ್ಲವನ್ನೂ ತಿದ್ದುತ್ತಾರೆ, ಅಂಥವರು. ಅಂಕಿ ಏರುತ್ತದೆ, ಗೇಟು ತೆರೆಯುತ್ತದೆ, ಈಗ ಕೂಗುತ್ತಿರುವವು ಮುಂದಿನ ಚಳಿಗೆ ಯಾರದೋ ಚೀಲದಲ್ಲಿರುತ್ತವೆ. ಹೇಳದಿದ್ದರೆ ಹಕ್ಕಿಗಳು ಉಳಿಯುತ್ತವೆ, ಇವರು ಹೀಗೆಯೇ 680ರಲ್ಲಿ ಕಾರು ಓಡಿಸುತ್ತಾರೆ, ಊರೆಲ್ಲ ಇವರನ್ನು ಕರುಣೆಯ ಸುಳ್ಳುಗಾರ ಎನ್ನುತ್ತದೆ. ಎರಡು ವರ್ಷ ಈ ಗುಡ್ಡವನ್ನು ಕಾದದ್ದು ಒಂದು ಜೋಡಿ ಕೆಟ್ಟ ಕಿವಿ.

ಕೊನೆಯ ಜಾಗ ಓಕ್ ಮರಗಳ ತಿರುವು. ಹಕ್ಕಿಗಳು ಹೆಚ್ಚು ಇರುವುದು ಅಲ್ಲೇ. ಅಜ್ಜಿ ಮೊದಲು ಕೇಳುವುದೂ ಆ ತಿರುವಿನ ಅಂಕಿಯನ್ನೇ. ಅವರು ವಾಚು ಒತ್ತಿದರು. ಕೂಗು ಬಲದಿಂದ ಬಂತು, ಮೇಲಿನಿಂದ ಬಂತು, ಮರಗಳ ಆಚೆಯಿಂದ ಬಂತು. ನಾನು ಕಲ್ಲಿನಂತೆ ನಿಂತಿದ್ದೆ ಎಂದುಕೊಂಡಿದ್ದೆ. ನಿಂತಿರಲಿಲ್ಲ.

"ನೀ ಕುತ್ತಿಗಿ ತಿರುಗಿಸಿದಿ," ಎಂದರು. ಅವರ ನಿಯಮವನ್ನು ಅವರೇ ಮುರಿದಿದ್ದರು. "ಏನ ಕೇಳ್ತು?"

"ಏನಿಲ್ಲ."

"ಮತ್ತ ತಿರುಗಿಸಿದಿ. ಆ ಕಡೆ. ಏನದ ಅಲ್ಲಿ?"

"ಏನಿಲ್ಲಾಂದ್ನಲ್ಲ."

"ನನ್ನ ಮಾರಿ ನೋಡಿ ಹೇಳು."

ನೋಡಿದೆ. ಅವರ ಕೈ ಇಬ್ಬರ ನಡುವೆ ಇತ್ತು. "ವಾಚು ಬಡ್ಕೊಳ್ತಿದೆ ರೀ," ಎಂದೆ.

ಅವರು ಮಣಿಕಟ್ಟು ನೋಡಿಕೊಂಡರು. ಗಾಜಿನೊಳಗೆ ಅಂಕಿ ಮಿನುಗುತ್ತಿತ್ತು. ಕೈ ಎತ್ತಿ ವಾಚನ್ನು ಒಂದು ಕಿವಿಗೆ ಒತ್ತಿಕೊಂಡರು, ಆಮೇಲೆ ಇನ್ನೊಂದಕ್ಕೆ. ಕೆಟ್ಟುಹೋದ ಉಪಕರಣವನ್ನು ಪರೀಕ್ಷಿಸುವಾಗ ಅವರ ಮುಖ ಹೀಗೆಯೇ ಇರುತ್ತಿತ್ತೋ ಏನೋ. ನಾನು ಅವರ ಲ್ಯಾಬಿಗೆ ಎಂದೂ ಹೋದವಳಲ್ಲ.

"ಎಷ್ಟು ದಿನದಿಂದ?"

"ನನಗೆ ಇವತ್ತೇ ಗೊತ್ತಾಗಿದ್ದು."

"ಹಂಗಾದ್ರ ಆ ಎರಡು ವರ್ಷದ್ದೆಲ್ಲಾ ಕಸ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲೇ ಮತ್ತೊಮ್ಮೆ ಎಣಸೂಣು. ನೀ ಎಣಸು. ನೀ ಹೇಳಿದ್ದನ್ನ ಅಜ್ಜಿಗೆ ಕೊಡ್ತೀನಿ."

"ಅವಳು ಗೇಟು ತೆಗೀತಾಳೆ."

"ತೆಗೀಲಿ."

"ಅವನು ನಾಯಿ ಕರ್ಕೊಂಡ್ ಬರ್ತಾನೆ."

"ಬರ್ಲಿ. ಅವ ಅಂದದ್ದು ಖರೇನ ಆತಲ್ಲ, ಎಣಿಕಿ ತಪ್ಪಿತ್ತು."

ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು. ನನ್ನ ಮುಖ ನೋಡಿದರೆ ತಮ್ಮ ಕಣ್ಣು ನನ್ನ ಎಣಿಕೆಗೆ ಅಡ್ಡ ಬರುತ್ತದೆ ಎಂದು ಹೇಳಿ ಕೆಳಗಿನ ಬೇಲಿಯವರೆಗೆ ನಡೆದುಹೋದರು. ಅಲ್ಲಿ ನನಗೆ ಬೆನ್ನು ಮಾಡಿ ನಿಂತರು.

ಹೀಗೆ ನನ್ನನ್ನು ನೋಡುವವರು ಯಾರೂ ಉಳಿಯಲಿಲ್ಲ. ಒಂದು ಕೂಗಿತು. ಎರಡು. ಬಂಡೆಯ ಹಿಂದಿನದು ಮೊದಲಿನದ್ದೇ ಇರಬಹುದೇ? ಅಲ್ಲ, ಎರಡೂ ಒಟ್ಟಿಗೆ ಕೂಗಿದವು. ಮೇಲಿನ ಪೊದೆಯಲ್ಲಿ ಒಂದು, ಅದರ ಪಕ್ಕ ಒಂದು, ಮರಗಳ ಆಚೆ ಇನ್ನು ಮೂರು. ಏಳು. ಇಷ್ಟು ಕೂಗಬೇಡಿ ಎಂದು ಮನಸ್ಸಿನಲ್ಲಿ ಬೈದೆ. ಅವು ಹೆಣ್ಣಿಗಾಗಿ ಕೂಗುತ್ತಿದ್ದವು, ನನ್ನ ಮಾತು ಯಾಕೆ ಕೇಳುತ್ತವೆ? ಕೈಯ ಮೇಲೆ ವಾಚು ಬಡಿದುಕೊಂಡಿತು. ಒತ್ತಿ ನಿಲ್ಲಿಸಿದೆ.

"ಎಷ್ಟು?" ಕೆಳಗಿನಿಂದ ಕೇಳಿದರು, ತಿರುಗದೆ.

ಹೇಳಿದೆ. ಮೂರು ಎಂದೆನೋ ಏಳು ಎಂದೆನೋ, ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಮೂರು ಎಂದೇ ಅಂದಿರಬೇಕು, ಏಕೆಂದರೆ ಮೆಲ್ಲಗೆ ಹೇಳಿದೆ. ಆ ಮಾತು ಬೇಲಿಯನ್ನು ಮುಟ್ಟಲಿಲ್ಲ.

"ಆಂ? ಎಷ್ಟಂದಿ?"

ಬೆನ್ನು ಸ್ವಲ್ಪ ಬಾಗಿತ್ತು. ಒಂದು ಕೈಯನ್ನು ಕಿವಿಯ ಹಿಂದೆ ಹಿಡಿದಿದ್ದರು. ಹಾಗೆ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏಳು!" ಎಂದು ಕೂಗಿದೆ. ಅವರಿಗೆ ಕೇಳುವಷ್ಟು ಜೋರಾಗಿ ಕೂಗಬೇಕಾಯಿತು. ಮರಗಳ ಕೆಳಗಿನ ಹುಲ್ಲು ಸೀಳಿ ಹಕ್ಕಿಗಳು ರಪರಪನೆ ಎದ್ದು ಇಳಿಜಾರಿನ ಆಚೆ ಇಳಿದುಹೋದವು. ಗುಡ್ಡ ಸುಮ್ಮನಾಯಿತು. ಅವರು ತಿರುಗಿ, ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದು, ಬರೆದುಕೊಂಡರು.